ಕಿಟ್ಟೆಲರೂ ಸಂಭಾವನೆಯ ಕ್ರಿಯಾಪದವೂ

ಕಳೆದ ಬೇಸಗೆಯ ರಜದಲ್ಲಿ ನನ್ನ ಅಕ್ಕನ ಮಗಳು ನಮ್ಮೂರು ಹೆಡತಲೆಗೆ ಬಂದಿದ್ದಳು. ಮೈಸೂರಿನಲ್ಲಿ ಓದುವ ಹುಡುಗಿ. ಕಾಲೇಜಿನ ಪಾಠದ ಜೊತೆಗೆ ಸ್ಪ್ಯಾನಿಷ್ ಭಾಷೆಯನ್ನೂ ಕಲಿಯತೊಡಗಿದ್ದಾಳೆ. ಬೆಳಗಿನ ಹೊತ್ತು ಜಗಲಿಯ ಮೇಲೆ ಕುಳಿತು, ಹಿಂದೆ ನಾವು ಮಗ್ಗಿ ಒಪ್ಪಿಸುತ್ತಿದ್ದಂತೆ, ಆಬ್ಲರೀಯ, ಆಬ್ಲರೀಯಸ್, ಆಬ್ಲರೀಯ, ಆಬ್ಲರೀಯಮೊಸ್, ಆಬ್ಲರೀಯಾಯ್ಸ್, ಆಬ್ಲರೀಯನ್ ಎಂದು ತಲೆಯಾಡಿಸುತ್ತ ಗಟ್ಟಿಮಾಡುತ್ತಿದ್ದಳು. ನಮ್ಮವ್ವ ಸೊಪ್ಪು ಸೋಸುತ್ತಿದ್ದವರು ಇದೇನು ಮಂತ್ರವೆಂದು ವಿಚಾರಿಸಿದರು. ಹುಡುಗಿ ವಿವರಿಸಿದಳು. ಆಬ್ಲಾರ್ ಎಂದರೆ ಮಾತಾಡು. ಮಾತಾಡಿದ್ದೂ ಅಲ್ಲ, ಮಾತಾಡುವುದೂ ಅಲ್ಲ; ಹೀಗೊಂದು ಆದರೆ ಮಾತಾಡಿಯೇನು ಎಂಬ ಅರ್ಥ ಬರಬೇಕಾದರೆ ಈ ಆರು ರೂಪಗಳು. ಆ ಭಾಷೆಯಲ್ಲಿ ಕ್ರಿಯಾಪದಗಳಿಗೆ ಮೂರು ಪಂಗಡಗಳುಂಟಂತೆ. ಆದರೆ ಇಲ್ಲಿ ಮಾತ್ರ ಮೂರಕ್ಕೂ ಒಂದೇ ಪ್ರತ್ಯಯಮಾಲೆ. ಧಾತುವಿನ ಬಾಲವನ್ನೂ ಕತ್ತರಿಸಬೇಕಾಗಿಲ್ಲ. ಇಡೀ ಪದಕ್ಕೆ ಪ್ರತ್ಯಯವನ್ನು ಅಂಟಿಸಿದರೆ ಸರಿ. ತಿನ್ನು ಎಂಬುದಕ್ಕೆ ಕೊಮೇರ್, ಅದರಿಂದ ಕೊಮೆರೀಯ. ಬದುಕು ಎಂಬುದಕ್ಕೆ ವಿವೀರ್, ಅದರಿಂದ ವಿವಿರೀಯ.

ಕನ್ನಡದಲ್ಲಿ ಇದಕ್ಕೇನು ಎಂದು ನಾನು ಕೇಳಿದೆ. ಮಾತಾಡಬಹುದು ಎಂದಳು. ತಪ್ಪೇನಲ್ಲ. ಆದರೆ ಅಷ್ಟರಲ್ಲೇ ಪಕ್ಕದ ಮನೆಯ ಮಗುವೊಂದು ಕಟ್ಟೆಯ ಅಂಚಿಗೆ ಹತ್ತಿತ್ತು. ಅವ್ವ ಕೈಯಲ್ಲಿದ್ದ ಸೊಪ್ಪನ್ನು ಬಿಟ್ಟು ಬಿದ್ದೀಯೆ ಎಂದು ಕೂಗಿದರು. ಬೀಳಬಹುದು ಎಂದು ಯಾವ ಅಜ್ಜಿಯೂ ಮಗುವನ್ನು ಕೂಗಿ ಎಚ್ಚರಿಸುವುದಿಲ್ಲ. ಹುಡುಗಿ ಹುಡುಕುತ್ತಿದ್ದ ಕ್ರಿಯಾರೂಪ ಅವಳ ಅಜ್ಜಿಯ ಬಾಯಲ್ಲೇ ಇತ್ತು. ಆ ಸಂಜೆ ನಾನು ಅವಳಿಗೆ ಈ ರೂಪಗಳನ್ನು ಬಿಡದೆ ಎಣಿಸಿ ಲೆಕ್ಕಕ್ಕೆ ತಂದ ಒಬ್ಬ ಪರದೇಶದ ಮನುಷ್ಯನ ಕಥೆಯನ್ನು ಹೇಳಿದೆ. ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಕಿಟ್ಟೆಲ್ ಎಂಬ ಹೆಸರನ್ನು ಕೇಳದವರು ಇರಲಾರರು; ಆ ದಪ್ಪ ನಿಘಂಟಿನ ಹಿಂದೆ ಇದ್ದ ಬಾಳನ್ನು ಬಲ್ಲವರು ಕಡಮೆ.

ಫರ್ಡಿನಾಂಡ್ ಕಿಟ್ಟೆಲರು ಹುಟ್ಟಿದ್ದು 1832ನೆಯ ಇಸವಿ ಏಪ್ರಿಲ್ 7ರಂದು, ಜರ್ಮನಿಯ ವಾಯವ್ಯದಲ್ಲಿ ಉತ್ತರ ಸಮುದ್ರದ ತೀರಕ್ಕೆ ಸಮೀಪವಾದ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ. ತಂದೆ ಪಾದ್ರಿ. ಅದೇ 1832ರಲ್ಲಿಯೇ ಮದರಾಸಿನಲ್ಲಿ ವಿಲಿಯಂ ರೀವ್ ಎಂಬವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಯಾವ ನಿಘಂಟನ್ನು ಮುಂದೆ ಹಿಂದಕ್ಕೆ ತಳ್ಳಬೇಕಾಗಿತ್ತೋ ಅದು ಹುಟ್ಟಿದ ವರ್ಷವೇ ತಳ್ಳುವವನೂ ಹುಟ್ಟಿದನೆಂಬುದು ಒಂದು ಕಾಕತಾಳೀಯ. ಬಾಲಕ ಕಿಟ್ಟೆಲ್ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳಲ್ಲಿ ಚುರುಕಾಗಿದ್ದನು. 1850ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ಮಿಷನ್ನಿನ ಶಾಲೆಗೆ ಸೇರಿ, 1853ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹಡಗು ಹತ್ತಿ ಇಂಡಿಯಾಕ್ಕೆ ಬಂದನು.

ಅವರ ಕಿವಿಗೆ ಮೊದಮೊದಲು ಬಿದ್ದ ಕನ್ನಡವು ಧಾರವಾಡದ ಕನ್ನಡ. ಇದು ಸಣ್ಣ ಸಂಗತಿಯಲ್ಲ. ನಾನೊಮ್ಮೆ ಧಾರವಾಡಕ್ಕೆ ಹೋಗಿದ್ದಾಗ ಒಂದು ಕಚೇರಿಯಲ್ಲಿ ಒಬ್ಬ ಅಧಿಕಾರಿಗಳನ್ನು ಕಾಣಬೇಕಾಗಿತ್ತು. ಬಾಗಿಲಲ್ಲಿದ್ದ ಜವಾನನನ್ನು ಕೇಳಿದರೆ ಬಂದಾರ್ರೀ ಎಂದ. ಹೆಡತಲೆಯಲ್ಲಿ ಬೆಳೆದ ನನ್ನ ಕಿವಿಗೆ ಅದು ಬಂದಾರು ಎಂದೇ ಕೇಳಿಸಿತು. ಬಂದರೂ ಬಂದಾರು, ಬರದಿದ್ದರೂ ಇಲ್ಲ ಎಂದುಕೊಂಡು ನಾನು ಹೋಟೆಲಿಗೆ ಹೋಗಿ ನಿಧಾನವಾಗಿ ಕಾಫಿ ಕುಡಿದು ಬಂದೆ. ಅಷ್ಟು ಹೊತ್ತಿಗೆ ಆ ಮಹನೀಯರು ಬೇರೆ ಊರಿಗೆ ಹೊರಟುಹೋಗಿದ್ದರು. ಧಾರವಾಡದಲ್ಲಿ ಬಂದಾರ ಎಂದರೆ ಬಂದಿದ್ದಾರೆ. ಒಳಗೆ ಕುರ್ಚಿಯ ಮೇಲೆ ಕುಳಿತಿದ್ದಾರೆ. ನಮ್ಮ ಕಡೆ ಬಂದಾರು ಎಂದರೆ ಇನ್ನೂ ದಾರಿಯಲ್ಲಿಯೂ ಇಲ್ಲ. ಒಂದೇ ಕನ್ನಡ, ಹೆಚ್ಚು ಕಡಮೆ ಒಂದೇ ಉಚ್ಚಾರಣೆ. ಅಲ್ಲಿ ಖಚಿತ, ಇಲ್ಲಿ ಅನುಮಾನ. ಕನ್ನಡದಲ್ಲಿಯೇ ಹುಟ್ಟಿದ ನನಗೆ ಹೀಗಾದರೆ, ಮೊದಲು ಧಾರವಾಡದಲ್ಲಿ ಕಲಿತು ಆಮೇಲೆ ಮಂಗಳೂರಿಗೂ ಕೊಡಗಿಗೂ ತಿರುಗಿದ ಆ ಜರ್ಮನ್ ತರುಣರು ಎಷ್ಟು ಸಲ ತಡವರಿಸಿದ್ದಾರು!

ತಡವರಿಸಿದರೋ ಇಲ್ಲವೋ, ಜನರ ನಡುವೆ ಇರಬೇಕೆಂಬ ಹಟ ಮಾತ್ರ ಅವರದು. ಹಳ್ಳಿ ಹಳ್ಳಿ ನಡೆದರು. ದೊರೆಗಳ ಠೀವಿಯಲ್ಲಿ ಬಂಗಲೆಯಲ್ಲಿ ಕುಳಿತು ಉಪದೇಶಿಸುವುದು ಅವರಿಗೆ ಒಗ್ಗಲಿಲ್ಲ. ಈ ದೇಶದವರ ಜೊತೆಯಲ್ಲಿ ಇವರಂತೆಯೇ ಸರಳವಾಗಿ ಬದುಕಬೇಕು, ಇವರ ಕಾವ್ಯಗಳನ್ನು ಓದಬೇಕು, ಇವರ ಛಂದಸ್ಸಿನಲ್ಲಿ ಹಾಡಬೇಕು ಎಂಬುದು ಅವರ ಬಯಕೆ. ಬಾಸೆಲ್ಲಿನ ಹಿರಿಯರಿಗೆ ಇದು ಹಿಡಿಸಲಿಲ್ಲ. ಶಿಸ್ತಿಗೆ ಒಳಪಡದ ವಿಚಿತ್ರ ಮನುಷ್ಯನೆಂಬ ಅಭಿಪ್ರಾಯ ಬೆಳೆಯಿತು. ಪತ್ರಗಳ ಮೇಲೆ ಪತ್ರಗಳು ಹೋದವು, ಬಂದವು. ಮತಪ್ರಚಾರಕ್ಕಿಂತ ಬರೆಯುವ ಓದುವ ಕೆಲಸವೇ ಈತನಿಗೆ ಸರಿ ಎಂಬ ಇತ್ಯರ್ಥವಾಯಿತು. ಒಂದು ರೀತಿಯಲ್ಲಿ ಅದು ಶಿಕ್ಷೆಯೇ. ಬಂದ ಉದ್ದೇಶವೊಂದು, ದೊರೆತ ಕೆಲಸವೊಂದು. ಕಿಟ್ಟೆಲರು ಮಿಷನ್ನಿನ ಮೆಚ್ಚಿಗೆಯ ಪ್ರಚಾರಕರಾಗಿದ್ದರೆ ನಮಗೆ ಆ ನಿಘಂಟು ದೊರೆಯುತ್ತಿರಲಿಲ್ಲ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಇಲ್ಲಿ ಒಂದು ಕ್ಷಣ ನಿಂತು ಈಗ ತಾನೇ ಬರೆದ ವಾಕ್ಯವನ್ನೇ ನೋಡೋಣ. ಆಗಿದ್ದರೆ, ದೊರೆಯುತ್ತಿರಲಿಲ್ಲ. ಎಂದೂ ನಡೆಯದ ಸಂಗತಿಯನ್ನು ಹೇಳಲು ಕನ್ನಡವು ಭೂತಕಾಲದ ಇದ್ದು, ಇರಲಿಲ್ಲ ಎಂಬ ರೂಪಗಳನ್ನು ಸಾಲ ತರುತ್ತದೆ. ನೀನು ಕರೆದಿದ್ದರೆ ನಾನು ಬರುತ್ತಿದ್ದೆ ಎನ್ನುತ್ತೇವೆ. ಕರೆದದ್ದೂ ಇಲ್ಲ, ಬಂದದ್ದೂ ಇಲ್ಲ, ಆದರೂ ಭೂತಕಾಲ. ಸ್ಪ್ಯಾನಿಷಿನಲ್ಲಿಯೂ ಹಾಗೆಯೇ. ಆಬ್ಲರೀಯ ಎಂಬುದರ ಬಾಲದಲ್ಲಿರುವ ಈಯ ಎಂಬುದು ಮೂಲದಲ್ಲಿ ಅಬೀಯ, ಎಂದರೆ ಇತ್ತು, ಪಡೆದಿದ್ದೆ ಎಂಬರ್ಥದ ಭೂತರೂಪ. ಮಾತಾಡಲು ಇತ್ತು ಎಂಬ ಎರಡು ಮಾತುಗಳು ಬೆಸೆದು ಸವೆದು ಒಂದಾಗಿವೆ. ಇದನ್ನು ಮೊದಲು ಗುರುತಿಸಿ ಬರೆದವರಲ್ಲಿ ಆಂತೋನಿಯೊ ದೆ ನೆಬ್ರಿಹಾ ಎಂಬ ಪಂಡಿತನು ಮುಖ್ಯ. ಆತನ ಸ್ಪ್ಯಾನಿಷ್ ವ್ಯಾಕರಣವು 1492ರಲ್ಲಿ ಅಚ್ಚಾಯಿತು. ಕೊಲಂಬಸನು ಹಡಗು ಹತ್ತಿದ ವರ್ಷವೂ ಅದೇ. ಬೆಸುಗೆಯ ಗುರುತನ್ನು ಹುಡುಕುವ ಇಂಥ ಕಣ್ಣು ಕಿಟ್ಟೆಲರಿಗೂ ಇತ್ತು.

1860ರಲ್ಲಿ ಅವರಿಗೆ ಪೌಲೀನ್ ಐಟ್ ಎಂಬಾಕೆಯೊಡನೆ ಮದುವೆಯಾಯಿತು. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸುಗಳಲ್ಲಿ ಹಾಡಿದ ಕಥಾಮಾಲೆ ಹೊರಬಂತು. 1864ರಲ್ಲಿ ಪೌಲೀನ್ ತೀರಿಕೊಂಡರು. ಮುಂದೆ ಆಕೆಯ ತಂಗಿ ಜೂಲಿಯನ್ನೇ ಕಿಟ್ಟೆಲರು ಮದುವೆಯಾದರು. ನಾಲ್ಕು ವಾಕ್ಯಗಳಲ್ಲಿ ಹೇಳಿಬಿಟ್ಟೆ. ಅನುಭವಿಸಿದವರಿಗೆ ಅದು ನಾಲ್ಕು ವಾಕ್ಯವಲ್ಲ.

1872ರಲ್ಲಿ ಮಂಗಳೂರಿನಿಂದ ಅವರು ಸಂಪಾದಿಸಿದ ಕೇಶಿರಾಜನ ಶಬ್ದಮಣಿದರ್ಪಣವು ಪ್ರಕಟವಾಯಿತು. 1875ರಲ್ಲಿ ನಾಗವರ್ಮನ ಛಂದೋಂಬುಧಿ. ಕೇಶಿರಾಜನೆಂದರೆ ಹೊಯ್ಸಳರ ಕಾಲದವನು, ಹದಿಮೂರನೆಯ ಶತಮಾನ. ಸೂಕ್ತಿಸುಧಾರ್ಣವವನ್ನು ಸಂಕಲಿಸಿದ ಮಲ್ಲಿಕಾರ್ಜುನನ ಮಗ, ಜನ್ನ ಕವಿಯ ಸೋದರಳಿಯ. ನಮ್ಮೂರ ಲಕ್ಷ್ಮೀಕಾಂತ ದೇವಾಲಯವೂ ಹೊಯ್ಸಳರ ಕಾಲದ್ದೇ. ಮೂರು ಗರ್ಭಗುಡಿಗಳ ಆ ದೇವಾಲಯದಲ್ಲಿ ನಿಂತಾಗ, ಇಂಥ ಕಲ್ಲುಗಳನ್ನು ಕಡೆಯುತ್ತಿದ್ದ ಯುಗದಲ್ಲಿಯೇ ಒಬ್ಬನು ಕನ್ನಡದ ಧಾತುಗಳನ್ನು ಕಡೆದು ಜೋಡಿಸುತ್ತಿದ್ದನಲ್ಲ ಎಂದು ನನಗೆ ಸಂತೋಷವಾಗುತ್ತದೆ. ಶಬ್ದಮಣಿದರ್ಪಣದ ಎಂಟು ಪ್ರಕರಣಗಳಲ್ಲಿ ಆಖ್ಯಾತ ಪ್ರಕರಣವು ಕ್ರಿಯಾಪದಕ್ಕೆ ಮೀಸಲು. ಬಂದಪಂ ಎಂದರೆ ವರ್ತಮಾನ, ಬಂದಂ ಎಂದರೆ ಭೂತ, ಬರ್ಪಂ ಎಂದರೆ ಭವಿಷ್ಯತ್ತು. ಲ್ಯಾಟಿನ್ ಗ್ರೀಕ್‌ಗಳ ಅಚ್ಚಿನಲ್ಲಿ ಬೆಳೆದ ತಲೆಯೊಂದು ಈ ಸೂತ್ರಗಳನ್ನು ಹಸ್ತಪ್ರತಿಗಳಿಂದ ಬಿಡಿಸಿ, ಪಾಠಾಂತರಗಳನ್ನು ತೂಗಿ ಅಚ್ಚಿಗೆ ಕೊಡುವಷ್ಟರಲ್ಲಿ, ಆ ಹಳೆಯ ಅಚ್ಚು ತಾನಾಗಿ ಸಡಿಲವಾಗಿರಬೇಕು.

ಹಸ್ತಪ್ರತಿಗಳ ತೊಡಕು ಎಂಥದೆಂಬುದನ್ನು ನಮ್ಮ ವಿಷಯದಿಂದಲೇ ತೋರಿಸಬಹುದು. ಬರು ಧಾತುವಿನ ಭೂತರೂಪಗಳನ್ನೂ ಸಂಭಾವನೆಯ ರೂಪಗಳನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿ. ನಾನು ಬಂದೆನು, ಬಂದೇನು. ನಾವು ಬಂದೆವು, ಬಂದೇವು. ನೀನು ಬಂದೆ, ಬಂದೀಯೆ. ನೀವು ಬಂದಿರಿ, ಬಂದೀರಿ. ಅವನು ಬಂದನು, ಬಂದಾನು. ಅವಳು ಬಂದಳು, ಬಂದಾಳು. ಅವರು ಬಂದರು, ಬಂದಾರು. ಅದು ಬಂದಿತು, ಬಂದೀತು. ಅವು ಬಂದವು, ಬಂದಾವು. ಒಂಬತ್ತರಲ್ಲಿ ಎಂಟು ಕಡೆ ವ್ಯತ್ಯಾಸವೆಂದರೆ ಒಂದು ದೀರ್ಘ ಮಾತ್ರ. ನಡೆದುಹೋದದ್ದಕ್ಕೂ ನಡೆದೀತೆಂಬುದಕ್ಕೂ ನಡುವೆ ಕನ್ನಡವು ಇಟ್ಟಿರುವುದು ಒಂದು ಮಾತ್ರೆಯ ಉಸಿರು. ಹಳೆಯ ಓಲೆಗರಿಗಳಲ್ಲಾದರೋ ಎಕಾರ ಏಕಾರಗಳಿಗೆ ಬೇರೆ ಬೇರೆ ಗುರುತನ್ನು ಹಾಕುವ ವಾಡಿಕೆ ಇರಲಿಲ್ಲ. ಬಂದೆನು, ಬಂದೇನು ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಸಂದರ್ಭವನ್ನು ನೋಡಿ ಓದುವವನೇ ತೀರ್ಮಾನಿಸಬೇಕು.

ಹೆಡತಲೆಯಲ್ಲಿ ಹದಿನಾರು ಮುಖದ ಚಾವಡಿ ಎಂಬುದೊಂದುಂಟು. ಊರನ್ನಾಳಿದ ಭೀಮಣ್ಣ ನಾಯಕನಿಗೆ ಹದಿನಾರು ಜನ ಅಳಿಯಂದಿರು, ಯಾರಿಗೂ ಮೇಲು ಕೀಳೆನಿಸದಂತೆ ಕೂರಿಸಲು ಹದಿನಾರು ಮುಖ ಮಾಡಿಸಿದನೆಂದು ನಮ್ಮವರು ಹೇಳುತ್ತಾರೆ. ನನ್ನ ಸೋದರಸೊಸೆಗೆ ಒಂಬತ್ತು ರೂಪಗಳನ್ನು ಕಲಿಸುವಾಗ ಈ ಚಾವಡಿ ನೆನಪಾಯಿತು. ಸ್ಪ್ಯಾನಿಷಿನಲ್ಲಿ ಆರೇ ಆಸನಗಳು. ಅವನು, ಅವಳು, ಅದು ಮೂವರೂ ಒಂದೇ ಮಣೆಯ ಮೇಲೆ ಇರುಕಿಕೊಂಡು ಕೂರಬೇಕು. ಕನ್ನಡವು ಒಬ್ಬೊಬ್ಬರಿಗೂ ಬೇರೆ ಮಣೆ ಹಾಕುತ್ತದೆ. ಆದರೆ ಸ್ಪ್ಯಾನಿಷಿನ ಸೌಕರ್ಯ ನಮಗಿಲ್ಲವೆಂಬುದನ್ನೂ ಒಪ್ಪಬೇಕು. ಅಲ್ಲಿ ಧಾತು ತಿಳಿದರೆ ಸಾಕು. ಇಲ್ಲಿ ಮಾಡು ಎಂಬುದು ಮಾಡಿ ಆಗಿ ಮಾಡಿಯಾನು, ಕರೆ ಎಂಬುದು ಕರೆದು ಆಗಿ ಕರೆದಾನು, ಬೀಳು ಎಂಬುದು ಬಿದ್ದು ಆಗಿ ಬಿದ್ದಾನು. ಧಾತುವು ಭೂತದಲ್ಲಿ ತಾಳುವ ವೇಷ ತಿಳಿಯದವನಿಗೆ ಸಂಭಾವನೆಯೂ ಸಿದ್ಧಿಸದು. ಕನ್ನಡ ಕಲಿಯುವ ಪರದೇಶದವರು ಇಲ್ಲಿಯೇ ಬೆವರುವುದು.

ನಿಘಂಟಿನ ಕೆಲಸವು ಕಿಟ್ಟೆಲರ ಬಾಳಿನ ಎರಡು ದಶಕಗಳನ್ನು ನುಂಗಿತು. ನಡುವೆ 1877ರಲ್ಲಿ ಜರ್ಮನಿಗೆ ಹಿಂತಿರುಗಿದವರು ಅದಕ್ಕಾಗಿಯೇ 1880ರ ದಶಕದಲ್ಲಿ ಮತ್ತೆ ಮಂಗಳೂರಿಗೆ ಬಂದರು. ಕಾವ್ಯಗಳಲ್ಲಿ ಸಿಕ್ಕ ಪದಗಳಷ್ಟೇ ಅವರಿಗೆ ಸಾಲದು. ಸಂತೆಯ ಮಾತು, ಒಗಟು, ಗಾದೆ ಎಲ್ಲವೂ ಬೇಕು. ಒಂದೊಂದು ಪದಕ್ಕೂ ತಮಿಳು, ತೆಲುಗು, ಮಲೆಯಾಳ, ತುಳುಗಳ ಬಂಧುಪದಗಳನ್ನು ಪಕ್ಕದಲ್ಲಿ ಕೂರಿಸಿದರು. ಸಂಸ್ಕೃತದ ಕೋಶಗಳಲ್ಲಿ ದ್ರಾವಿಡ ಮೂಲದ ಪದಗಳು ಸೇರಿಕೊಂಡಿವೆಯೆಂದು 1872ರಷ್ಟು ಹಿಂದೆಯೇ ಲೇಖನ ಬರೆದವರು ಅವರು. ಅವರು ತೋರಿಸಿದ ಪದಮೂಲಗಳಲ್ಲಿ ಕೆಲವನ್ನು ಮುಂದಿನ ವಿದ್ವಾಂಸರು ಒಪ್ಪಲಿಲ್ಲ. ಅಷ್ಟು ದೊಡ್ಡ ಹೊಲದಲ್ಲಿ ಕಳೆ ಇರುವುದು ಸಹಜ. ಈ ದುಡಿಮೆಯಲ್ಲಿ ಈ ನಾಡಿನ ಪಂಡಿತರ ನೆರವೂ ಅವರಿಗಿತ್ತು. ನಮ್ಮಲ್ಲಿ ಕಿಟ್ಟೆಲರನ್ನು ಹೊಗಳುವವರು ಆ ಪಂಡಿತರನ್ನು ಮರೆತುಬಿಡುತ್ತಾರೆ. ಕಣ್ಣು ಸೋಲತೊಡಗಿತು. 1892ರಲ್ಲಿ ಅವರು ತ್ಯೂಬಿಂಗೆನ್ ನಗರಕ್ಕೆ ಹೋಗಿ ನೆಲಸಿದರು. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂತು. 1896ರಲ್ಲಿ ತ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಮತ್ತೊಬ್ಬರಾಗಿದ್ದರೆ ಅಲ್ಲಿಗೆ ಲೇಖನಿಯನ್ನು ಕೆಳಗಿಡುತ್ತಿದ್ದರು. ಕಿಟ್ಟೆಲರು ವ್ಯಾಕರಣಕ್ಕೆ ಕೈಹಾಕಿದರು. ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣಗಳು ಆಗಲೇ ಇರಲಿಲ್ಲವೆಂದಲ್ಲ. ವಿಲಿಯಂ ಕೇರಿ 1817ರಲ್ಲಿ, ಮೆಕೆರೆಲ್ 1820ರಲ್ಲಿ ಬರೆದಿದ್ದರು. ತಾಮಸ್ ಹಾಡ್ಸನ್ನರದೂ ಬಳಕೆಯಲ್ಲಿತ್ತು. ಅವು ಬಹುಮಟ್ಟಿಗೆ ಆಗ ಆಡುವ ಕನ್ನಡವನ್ನು ದೊರೆಗಳಿಗೆ, ಪಾದ್ರಿಗಳಿಗೆ ಕಲಿಸಲು ಹೊರಟವು. ಕಿಟ್ಟೆಲರು ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಂದೇ ಪುಸ್ತಕದಲ್ಲಿ ನಿಲ್ಲಿಸಿದರು. ಒಂದು ರೂಪವನ್ನು ಹಿಡಿದರೆ ಅದರ ತಾತ ಮುತ್ತಾತರನ್ನೂ ಕಾಣಬಹುದು. ಹಳಗನ್ನಡದ ಬಂದೊಡೆ ಎಂಬುದು ವಚನಗಳ ಕಾಲಕ್ಕೆ ಬಂದಡೆ ಆಗಿ, ನಮ್ಮ ಬಾಯಲ್ಲಿ ಬಂದರೆ ಆಗಿದೆ. ಷರತ್ತಿನ ಮಾತಿಗೆ ಬೇಕಾದ ಮೊದಲ ಅರ್ಧ ಇದು. ಎರಡನೆಯ ಅರ್ಧವಾದ ಸಂಭಾವನೆಯ ರೂಪಕ್ಕೂ ಇಂಥ ವಂಶಾವಳಿ ಇರುವಂತಿದೆ. ಹಳಗನ್ನಡದ ಬಂದಪಂ ಎಂಬ ವರ್ತಮಾನವು ನಡುಗನ್ನಡದಲ್ಲಿ ಪಕಾರ ಹಕಾರವಾಗಿ ಬಂದಹನು ಆಯಿತು. ಆ ಹಕಾರವೂ ಸವೆದು ಎರಡು ಅಕಾರಗಳು ಕೂಡಿದಾಗ ಬಂದಾನು ಎಂಬ ದೀರ್ಘ ಉಳಿಯಿತು ಎಂದು ವಿದ್ವಾಂಸರು ಭಾವಿಸುತ್ತಾರೆ. ಹಾಗಿದ್ದರೆ ನಮ್ಮವ್ವನ ಬಿದ್ದೀಯೆ ಎಂಬ ಕೂಗಿನಲ್ಲಿರುವ ದೀರ್ಘವೂ ಆಬ್ಲರೀಯದ ಬಾಲದಂತೆ ಸವೆದ ಬೆಸುಗೆಯೊಂದರ ಗುರುತು.

ಅರ್ಥವನ್ನು ತೂಗುವಾಗಲೂ ಎಚ್ಚರ ಬೇಕು. ಸ್ಪ್ಯಾನಿಷಿನ ಈ ಒಂದೇ ರೂಪವು ಹಲವು ಕೆಲಸಗಳನ್ನು ಮಾಡುತ್ತದೆ. ಹಾಗಾದರೆ ಮಾತಾಡುತ್ತಿದ್ದೆ ಎಂಬುದಕ್ಕೂ ಅದೇ, ದಯವಿಟ್ಟು ಮಾತಾಡುವಿರಾ ಎಂಬ ವಿನಯಕ್ಕೂ ಅದೇ, ಆಗ ಮಾತಾಡಿದ್ದಾನು ಎಂಬ ಊಹೆಗೂ ಅದೇ. ಕನ್ನಡವು ಈ ಹೊರೆಯನ್ನು ಹಂಚಿಕೊಟ್ಟಿದೆ. ನಡೆಯದೆ ಹೋದದ್ದಕ್ಕೆ ಬರುತ್ತಿದ್ದೆ, ಅವಕಾಶವಿದೆಯೆನ್ನುವುದಕ್ಕೆ ಬರಬಹುದು, ಆಸೆ, ಅಂಜಿಕೆ, ಊಹೆ ಕೂಡಿದಾಗ ಬಂದಾನು. ಬರಬಹುದು ಎಂಬ ಮಾತಿನಲ್ಲಿ ಹೇಳುವವನು ದೂರ ನಿಂತಿರುತ್ತಾನೆ. ಮಳೆ ಬರಬಹುದು ಎಂದು ರೇಡಿಯೋ ಹೇಳುತ್ತದೆ. ಮಳೆ ಬಂದೀತು ಎಂದು ಒಕ್ಕಲಿಗನು ಕಣದಲ್ಲಿ ರಾಗಿ ಹರವಿಕೊಂಡು ಆಕಾಶ ನೋಡುತ್ತ ಹೇಳುತ್ತಾನೆ. ಇಂದು ಪಟ್ಟಣಗಳಲ್ಲಿ ಬೆಳೆದ ಮಕ್ಕಳ ಮಾತಿನಲ್ಲಿ ಬಹುದು ಎಂಬುದೇ ಎಲ್ಲ ಕೆಲಸಗಳನ್ನೂ ಮಾಡುತ್ತಿದೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಸಂಭಾವನಾರ್ಥಕಕ್ಕೆ ಉದಾಹರಣೆ ಕೊಡಿ ಎಂದರೆ ಹೋದಾನು ಎಂದು ಬರೆಯುವ ವಿದ್ಯಾರ್ಥಿಯು ಹೊರಗೆ ಬಂದು ಗೆಳೆಯನೊಡನೆ ಹೋಗಬಹುದು ಎನ್ನುತ್ತಾನೆ. ಕಿಟ್ಟೆಲರು ಇಂಥ ರೂಪಗಳನ್ನು ಭೂತ ಭವಿಷ್ಯತ್ತುಗಳ ಹೊಟ್ಟೆಗೆ ಹಾಕದೆ ಸಂಭವದ ಅರ್ಥದವೆಂದು ಬೇರೆಯಾಗಿಯೇ ಎಣಿಸಿ ಇಟ್ಟದ್ದು ಎಂಥ ಉಪಕಾರವೆಂಬುದು ಹೀಗೆ ಜಾರಿಹೋಗುವುದನ್ನು ಕಂಡಾಗ ತಿಳಿಯುತ್ತದೆ.

ಆ ವ್ಯಾಕರಣವು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಕಿಟ್ಟೆಲರು ತ್ಯೂಬಿಂಗೆನ್ನಿನಲ್ಲಿ ತೀರಿಕೊಂಡರು. ವಯಸ್ಸು 71. ಅವರ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾಲಯವು 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಬೆಂಗಳೂರಿನ ಮೇಯೋ ಹಾಲಿನ ಬಳಿ ಅವರದೊಂದು ಪ್ರತಿಮೆಯುಂಟು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜುಂಟು.

ರಜ ಮುಗಿದು ಹುಡುಗಿ ಮೈಸೂರಿಗೆ ಹೊರಡುವ ದಿನ ಅವಳ ಪುಸ್ತಕದಲ್ಲಿ ಎರಡು ಸಾಲುಗಳಿದ್ದವು. ಎಡಗಡೆ ಆಬ್ಲಾರಿನ ಆರು, ಬಲಗಡೆ ಮಾತಾಡು ಎಂಬುದರ ಒಂಬತ್ತು. ಅವು ಎಂಬುದರ ಮುಂದೆ ಮಾತಾಡಿಯಾವು ಎಂದು ಬರೆದು, ಮಾತಾಡುವ ಅವು ಯಾವುವು ಮಾವ ಎಂದು ಕೇಳಿದಳು. ಗಿಳಿಗಳು ಎಂದೆ. ಬಸ್ಸು ಬಂತು. ಮೆಟ್ಟಿಲು ಹತ್ತುವವಳ ಕೈಚೀಲವನ್ನು ಮೇಲಕ್ಕೆ ನೀಡುತ್ತ ನಮ್ಮವ್ವ ಸರಿಯಾಗಿ ಹಿಡಿದುಕೋ, ಬಿದ್ದೀಯೆ ಎಂದರು.